ಮಕ್ಕಳ ಹಲ್ಲಿನ ಕಲೆ, ನಮ್ಮ ಬೋರ್‌ವೆಲ್ ನೀರು: ಭಾನುವಾರದೊಳಗೆ ಎಲ್ಲರೂ ಉತ್ತರಿಸಿ

ಮನೆ 31, ಮೂರನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಎಂಟು ವರ್ಷ. ಮುಂದಿನ ಎರಡು ದೊಡ್ಡ ಹಲ್ಲಿನ ಮೇಲೆ ಬಿಳಿ ಗೆರೆಗಳಿವೆ, ಸೀಮೆಸುಣ್ಣದಲ್ಲಿ ಗೀಚಿದ ಹಾಗೆ. ಈಗ ಒಂದು ಕಡೆ ಕಂದು ಬಣ್ಣಕ್ಕೆ ತಿರುಗುತ್ತಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಸ್ಕೂಲ್ ವ್ಯಾನಿನಲ್ಲಿ ಹೋಗುವ ನಮ್ಮ ಬಡಾವಣೆಯ ಇನ್ನಿಬ್ಬರು ಮಕ್ಕಳಿಗೂ ಹೀಗೇ ಇದೆಯಂತೆ. ಬೇರೆ ಯಾರ ಮನೆಯಲ್ಲಾದರೂ ಇದೆಯಾ?

ಮನೆ 8, ಮೊದಲನೇ ಕ್ರಾಸ್:
ನಮ್ಮ ಮಗನಿಗೂ ಇದೆ. ಬೋರ್‌ವೆಲ್ ನೀರೇ ಕಾರಣ, ಡೌಟೇ ಬೇಡ. ಸೈಟ್ ಮಾರುವಾಗ ಹೇಮಾವತಿ ನೀರು ಇನ್ನೇನು ಬಂದೇಬಿಟ್ಟಿತು ಅಂದಿದ್ದರು. ಹಾಸನ ಪೇಟೆಗೆ ಗೊರೂರಿನಿಂದ ನೀರು ಬರುತ್ತದೆ. ಅರಸೀಕೆರೆ ರಸ್ತೆಯಲ್ಲಿ ಇಷ್ಟು ದೂರ ಬರೋಕೆ ಅದಕ್ಕೇನು ಕಷ್ಟ? ನಾಳೆಯೇ ಪಂಚಾಯಿತಿ ಮುಂದೆ ಹೋಗಿ ಕೂರೋಣ.

ಮನೆ 44, ನಾಲ್ಕನೇ ಕ್ರಾಸ್:
ಗಾಬರಿ ಬೇಡ. ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ವಾರ ಉಜ್ಜಿ. ಅಥವಾ ಇದ್ದಿಲು ಪುಡಿ. ನಮ್ಮಜ್ಜಿ ಇದ್ದಿಲಲ್ಲೇ ಉಜ್ಜುತ್ತಿದ್ದರು, ಎಂಬತ್ತು ವರ್ಷ ಬದುಕಿದರು.

ಮನೆ 19, ಹಲ್ಲಿನ ಡಾಕ್ಟರ್:
ನಿಂಬೆರಸ ಬೇಡವೇ ಬೇಡ. ಹುಳಿಗೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕರಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಅದೇ ಎನಾಮಲ್ ಸವೆಯುತ್ತದೆ. ಅದರ ಕೆಳಗಿನ ಪದರ ಹುಟ್ಟಾ ಹಳದಿ. ಬೆಳ್ಳಗಾಗಲಿ ಅಂತ ತಿಕ್ಕಿ ತಿಕ್ಕಿ ಹಳದಿ ಮಾಡಿಕೊಂಡು ಬರುವವರು ಬೇಕಾದಷ್ಟು ಜನ ಇದ್ದಾರೆ.

31ರವರು ಹೇಳುವ ಲಕ್ಷಣ ನೋಡಿದರೆ ಫ್ಲೋರೋಸಿಸ್ ಇರಬಹುದು, ಅಂದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಜಾಸ್ತಿ ಹೊಟ್ಟೆಗೆ ಹೋಗಿ ಹಲ್ಲಿಗೆ ಬೀಳುವ ಕಲೆ. ಮಗುವಿನ ಬಾಯಿ ನೋಡದೆ ಖಚಿತವಾಗಿ ಹೇಳಲ್ಲ. ಫ್ಲೋರೋಸಿಸ್ ಆದರೆ ಕಲೆ ಜೋಡಿಯಾಗಿ ಬರುತ್ತದೆ. ಎಡಗಡೆ ಹಲ್ಲಿನಲ್ಲಿದ್ದರೆ ಬಲಗಡೆಯ ಅದೇ ಹಲ್ಲಿನಲ್ಲೂ ಇರುತ್ತದೆ. ಅಡ್ಡಡ್ಡ ಬಿಳಿ ಗೆರೆ, ಮಬ್ಬು ಮಚ್ಚೆ. ಜಾಸ್ತಿಯಾದರೆ ಕಂದು ಬಣ್ಣ, ಸಣ್ಣ ಗುಳಿಗಳು. ಒಂದೇ ಒಂದು ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ನೀರನ್ನು ಬೈಯಬೇಡಿ. ಯಾವತ್ತೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ವಸಡಿನ ಅಂಚಿನಲ್ಲಿ ಮಾತ್ರ ಬಿಳಿಚಿಕೊಂಡಿದ್ದರೆ ಅದು ಹುಳುಕಿನ ಶುರು, ತಕ್ಷಣ ತೋರಿಸಿ.

ಈಗ ಮುಖ್ಯ ವಿಷಯ. ಮುಂದಿನ ದೊಡ್ಡ ಹಲ್ಲು ಬಾಯಿಗೆ ಬರುವುದು ಆರೇಳು ವರ್ಷಕ್ಕೆ. ಆದರೆ ಅದರ ಎನಾಮಲ್ ತಯಾರಾಗುವುದು ಮಗು ಹುಟ್ಟಿದ ಕೆಲವೇ ತಿಂಗಳಿಂದ ನಾಲ್ಕೈದು ವರ್ಷದವರೆಗೆ, ದವಡೆಯ ಒಳಗೇ. ಆಗ ಹೊಟ್ಟೆಗೆ ಹೋದ ಫ್ಲೋರೈಡ್ ಕಲೆ ಮಾಡುತ್ತದೆ, ಕಣ್ಣಿಗೆ ಕಾಣುವುದು ವರ್ಷಗಳ ಮೇಲೆ. ಎಂಟು ವರ್ಷ ದಾಟಿದವರು ಅದೇ ನೀರು ಕುಡಿದರೂ ಮುಂದಿನ ಹಲ್ಲಿಗೆ ಹೊಸದಾಗಿ ಈ ಕಲೆ ಬೀಳಲ್ಲ. ಹಾಗಾಗಿ ಕೇಳಬೇಕಾದದ್ದು ಮಗು ಈಗ ಯಾವ ನೀರು ಕುಡಿಯುತ್ತಿದೆ ಅಂತಲ್ಲ. ಎರಡು ಮೂರು ವರ್ಷದ ಮಗುವಾಗಿದ್ದಾಗ ಎಲ್ಲಿತ್ತು, ಯಾವ ನೀರು ಕುಡಿಯಿತು?

8ರವರೇ, ನೀವು ಇಲ್ಲಿಗೆ ಬಂದಾಗ ಮಗನಿಗೆ ಎಷ್ಟು ವರ್ಷ?

ಮನೆ 8:
ಆರು ತುಂಬಿತ್ತು. ಅದಕ್ಕೆ ಮುಂಚೆ ಅರಸೀಕೆರೆ ಆಚೆ ನಮ್ಮೂರಲ್ಲೇ ಇದ್ದ. ಆದರೂ ಇಲ್ಲಿನ ನೀರು ಟೆಸ್ಟ್ ಮಾಡಿಸಲೇಬೇಕು.

ಮನೆ 31:
ನಮ್ಮವಳು ಹುಟ್ಟಿದಾಗಿನಿಂದ ಇದೇ ಮನೆಯಲ್ಲಿ ಇದ್ದಾಳೆ. ಇದೇ ನಲ್ಲಿ ನೀರು, ಕುದಿಸಿ ಆರಿಸಿ ಕೊಡುತ್ತಿದ್ದೆವು.

ಮನೆ 19, ಹಲ್ಲಿನ ಡಾಕ್ಟರ್:
ನೋಡಿ, ಎರಡೂ ಬೇರೆ ಬೇರೆ ಕೇಸ್. 8ರವರ ಮಗನ ಹಲ್ಲು ಅವರ ಊರಿನ ನೀರಿನ ಬಗ್ಗೆ ಹೇಳುತ್ತದೆ. ಅರಸೀಕೆರೆ ಕಡೆ, ಪಕ್ಕದ ಜಿಲ್ಲೆಯ ಕಡೂರು ಕಡೆ ಬಯಲುಸೀಮೆ. ಅಲ್ಲಿನ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹಳೇ ಸಮಸ್ಯೆ. ಗ್ರಾನೈಟ್ ಥರದ ಬಂಡೆಯೊಳಗೆ ನೀರು ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಬಿಡುತ್ತದೆ. ಆಳದ ಬೋರ್‌ಗಳಲ್ಲಿ ಆ ಭಯ ಜಾಸ್ತಿ. 31ರವರ ಮಗಳ ವಿಷಯ ಮಾತ್ರ ನಮ್ಮ ಬೋರ್ ಕಡೆ ಬೆರಳು ತೋರಿಸುತ್ತದೆ.

ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಮನೆ 5, ಮೂಲೆ ಮನೆ:
ಡಾಕ್ಟ್ರೇ, ನನ್ನದು ಎಲ್ಲಾ ಹಲ್ಲೂ ಕೆಂಚಗೆ. ಬೆಳಿಗ್ಗೆಯಿಂದ ಐದು ಲೋಟ ಕಾಫಿ, ಊಟ ಆದಮೇಲೆ ಎಲೆ ಅಡಿಕೆ. ಇದನ್ನೂ ಬೋರ್‌ವೆಲ್ ಅರ್ಜಿಗೆ ಸೇರಿಸಬಹುದಾ?

ಮನೆ 19, ಹಲ್ಲಿನ ಡಾಕ್ಟರ್:
ಬೇಡ, ಕೇಸ್ ಬಿದ್ದುಹೋಗುತ್ತದೆ! ನಿಮ್ಮದು ಹೊರಗಿನ ಕಲೆ. ಕ್ಲೀನಿಂಗ್ ಮಾಡಿಸಿದರೆ ಬಹುಪಾಲು ಹೋಗುತ್ತದೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅನ್ನುವುದು ಸುಮ್ನೆ ಮಾತು. ಕಾಫಿ ಬಿಡಿ ಅಂತ ಹಾಸನದಲ್ಲಿ ಕೂತು ನಾನು ಹೇಳಲ್ಲ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಅಡಿಕೆ ಮಾತ್ರ ಬಿಡಿ. ಅದು ಬರೀ ಬಣ್ಣದ ವಿಷಯ ಅಲ್ಲ, ಬಾಯಿ ಕ್ಯಾನ್ಸರಿಗೂ ಅದು ಕಾರಣ.

ಮನೆ 27, ಎರಡನೇ ಕ್ರಾಸ್:
ನಮ್ಮ ಎರಡು ವರ್ಷದ ಮಗುವಿಗೆ ರಕ್ತ ಕಡಿಮೆ ಅಂತ ಐರನ್ ಟಾನಿಕ್ ಕೊಟ್ಟಿದ್ದಾರೆ. ಹಲ್ಲೆಲ್ಲ ಕಪ್ಪಗಾಗಿದೆ. ನೀರಿನಿಂದ ಅಂದುಕೊಂಡು ನಿನ್ನೆಯಿಂದ ನಿದ್ದೆ ಇಲ್ಲ.

ಮನೆ 19, ಹಲ್ಲಿನ ಡಾಕ್ಟರ್:
ಟಾನಿಕ್ ಕಲೆಯೇ ಇರಬೇಕು. ನಿಲ್ಲಿಸಬೇಡಿ. ಡ್ರಾಪರ್ ಅಥವಾ ಸಿರಿಂಜಿನಲ್ಲಿ ನಾಲಿಗೆಯ ಹಿಂದಕ್ಕೆ ಬಿಡಿ, ಮೇಲೆ ಒಂದು ಗುಟುಕು ನೀರು ಕುಡಿಸಿ. ಕಪ್ಪು ಕ್ಲೀನ್ ಮಾಡಿದರೆ ಹೋಗುತ್ತದೆ. ಒಮ್ಮೆ ಕರೆದುಕೊಂಡು ಬನ್ನಿ, ಹುಳುಕು ಇಲ್ಲ ಅಂತ ನೋಡಿಬಿಡೋಣ.

ದಯವಿಟ್ಟು ಮಕ್ಕಳ ಬಾಯಿ ಫೋಟೊ ಗುಂಪಿಗೆ ಹಾಕಬೇಡಿ. ನನಗೆ ಬೇರೆಯಾಗಿ ಕಳಿಸಿ. ನಾಳೆ ಸ್ಕೂಲಿನಲ್ಲಿ ಆ ಮಗುವನ್ನು ಆಡಿಕೊಳ್ಳುತ್ತಾರೆ.

ಸಂಘದ ಕಾರ್ಯದರ್ಶಿ, ಮನೆ 12:
ಎಲ್ಲ ಓದಿದೆ. ಪಂಚಾಯಿತಿ ಮುಂದೆ ಕೂರುವುದು ಆಮೇಲೆ ನೋಡೋಣ. ಕೈಯಲ್ಲಿ ರಿಪೋರ್ಟ್ ಇಲ್ಲದೆ ಹೋದರೆ "ನೀರು ಚೆನ್ನಾಗಿದೆ" ಅಂತ ಒಂದೇ ಮಾತಿನಲ್ಲಿ ಕಳಿಸುತ್ತಾರೆ. ಪಂಚಾಯಿತಿಯವರ ಹತ್ತಿರ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಫ್ಲೋರೈಡನ್ನೂ ಬಣ್ಣ ನೋಡಿ ಅಂದಾಜು ಹೇಳುತ್ತದೆ. ಆದರೆ ನಮಗೆ ಅಂದಾಜು ಸಾಲದು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬಿಗೆ ಕೊಡೋಣ. ಜನರೂ ಸಣ್ಣ ಶುಲ್ಕ ಕಟ್ಟಿ ಮಾಡಿಸಬಹುದು. ಸಂಘದ ದುಡ್ಡಿನಲ್ಲೇ ಆಗುತ್ತದೆ, ಯಾರೂ ಕೈಯಿಂದ ಹಾಕಬೇಕಿಲ್ಲ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ತನಕ ಒಪ್ಪುತ್ತಾರೆ. ಡಾಕ್ಟರೇ, ಸರಿ ಅಲ್ವಾ?

ಮನೆ 19, ಹಲ್ಲಿನ ಡಾಕ್ಟರ್:
ಸರಿ. ಸ್ಯಾಂಪಲ್ ಗಾಜಿನ ಬಾಟಲಿಯಲ್ಲಿ ಬೇಡ, ಪ್ಲಾಸ್ಟಿಕ್ಕಿನದೇ ಆಗಬೇಕು. ಮೋಟಾರ್ ಹತ್ತು ನಿಮಿಷ ಓಡಲಿ. ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು ತುಂಬಿಸಿ. ಎರಡೂ ಬೋರ್‌ಗಳದ್ದು ಬೇರೆ ಬೇರೆ ಬೇಕು. ಓವರ್‌ಹೆಡ್ ಟ್ಯಾಂಕಿನದು ತಂದರೆ ಎರಡೂ ಬೆರೆತು ಯಾವುದು ಕೆಟ್ಟದ್ದು ಅಂತ ಗೊತ್ತೇ ಆಗಲ್ಲ.

ಮನೆ 44:
ನಮ್ಮ ಮನೆಯಲ್ಲಿ ಫಿಲ್ಟರ್ ಇದೆ. ಟಿಡಿಎಸ್ ಮೀಟರ್ ಹಾಕಿ ನೋಡಿದೆ, ನೀರು ಫಸ್ಟ್ ಕ್ಲಾಸ್.

ಮನೆ 19, ಹಲ್ಲಿನ ಡಾಕ್ಟರ್:
ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ ಹೇಳುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಹೇಳಲ್ಲ. ಬಕೆಟ್ ಹಳದಿ ಆದರೆ ಕಬ್ಬಿಣ, ಗೀಜರಿನಲ್ಲಿ ಬಿಳಿ ಕಟ್ಟಿದರೆ ಗಡಸು ನೀರು. ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಅದನ್ನು ತೆಗೆಯಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ, ಅದೂ ಮೆಂಬ್ರೇನ್ ಚೆನ್ನಾಗಿದ್ದರೆ. ನಿಮ್ಮದು ಯಾವುದು ನೋಡಿ.

ಮನೆ 31:
ರಿಪೋರ್ಟ್ ಬರುವ ತನಕ ಏನು ಮಾಡೋಣ? ಚಿಕ್ಕವನಿಗೆ ಒಂದೂವರೆ ವರ್ಷ.

ಮನೆ 19, ಹಲ್ಲಿನ ಡಾಕ್ಟರ್:
ಅವನ ಬಗ್ಗೆಯೇ ಈಗ ಯೋಚನೆ ಮಾಡಬೇಕಾದದ್ದು. ಅವನ ಹಲ್ಲು ಈಗ ಒಳಗೆ ತಯಾರಾಗುತ್ತಿದೆ. ಬಸ್ ಸ್ಟಾಪ್ ಹತ್ತಿರದ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. ಆ ಘಟಕದ ನೀರನ್ನೂ ಟೆಸ್ಟಿಗೆ ಸೇರಿಸಿದರೆ ಒಳ್ಳೆಯದು. ಕುಡಿಯೋಕೆ ಮಾತ್ರ ಅಲ್ಲ, ಅನ್ನ, ರಾಗಿ ಸರಿ, ಹಾಲಿನ ಪುಡಿ ಕಲಸೋಕೂ ಅದನ್ನೇ ಬಳಸಿ. ಅಡುಗೆಯಲ್ಲಿ ಹೋಗುವ ನೀರು ಕಡಿಮೆಯೇನಲ್ಲ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಧಾರಾಳವಾಗಿ ಬಳಸಿ. ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು. ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು. ನುಂಗದ ಹಾಗೆ ಪಕ್ಕದಲ್ಲಿ ನಿಂತು ಉಗುಳಿಸಿ.

ಮಗಳ ಕಲೆ ತೆಗೆಯೋಕೆ ಆತುರ ಬೇಡ. ಸ್ವಲ್ಪ ಇದ್ದರೆ ಹಾಗೇ ಬಿಡಬಹುದು, ಹಲ್ಲು ಗಟ್ಟಿಯಾಗೇ ಇರುತ್ತದೆ. ಕಂದು ಕಲೆಯನ್ನು ಮೇಲಿಂದ ತೆಳ್ಳಗೆ ಉಜ್ಜಿ ತೆಗೆಯುವ ವಿಧಾನ ಇದೆ. ಬಿಳಿ ಮಚ್ಚೆಗೆ ರೆಸಿನ್ ಅನ್ನುವ ಅಂಟಿನಂಥ ದ್ರವ ಹೀರಿಸುವುದೂ ಇದೆ. ಬ್ಲೀಚಿಂಗ್ ಮಕ್ಕಳಿಗೆ ಬೇಡ. ಕೆಲವರಿಗೆ ಬ್ಲೀಚ್ ಆದಮೇಲೆ ಬಿಳಿ ಮಚ್ಚೆ ಇನ್ನೂ ಎದ್ದು ಕಾಣುತ್ತದೆ. ನನ್ನ ಹತ್ತಿರವೇ ಬರಬೇಕು ಅಂತೇನಿಲ್ಲ. ವಿದ್ಯಾನಗರದ ಹಾಸನಾಂಬ ಡೆಂಟಲ್ ಕಾಲೇಜಿನಲ್ಲೂ ತೋರಿಸಬಹುದು.

ಸಂಘದ ಕಾರ್ಯದರ್ಶಿ, ಮನೆ 12:
ಹತ್ತು ವರ್ಷದ ಒಳಗಿನ ಮಕ್ಕಳಿರುವ ಮನೆಯವರು ಮೂರೇ ವಿಷಯ ನನಗೆ ಬರೆದು ಕಳಿಸಿ: ಮಗುವಿನ ವಯಸ್ಸು, ಐದು ವರ್ಷದವರೆಗೆ ಎಲ್ಲಿತ್ತು, ಆಗ ಕುಡಿದದ್ದು ಯಾವ ನೀರು. ಕಲೆ ಇಲ್ಲದ ಮಕ್ಕಳದ್ದೂ ಬೇಕು. ಹೆಸರು ಬೇಡ, ಮನೆ ನಂಬರ್ ಸಾಕು. ಪಂಚಾಯಿತಿ ಅರ್ಜಿಯಲ್ಲಿ ಮೂರು ಬೇಡಿಕೆ ಇಡುತ್ತೇನೆ. ಎರಡೂ ಬೋರ್‌ಗಳ ಪರೀಕ್ಷೆ, ಮಿತಿ ಮೀರಿದ ಬೋರನ್ನು ಕುಡಿಯುವ ನೀರಿನ ಲೈನಿನಿಂದ ತಪ್ಪಿಸುವುದು, ಹೇಮಾವತಿ ಸಂಪರ್ಕಕ್ಕೆ ಲಿಖಿತ ಉತ್ತರ.

ಮನೆ 8:
ಲಿಖಿತ ಉತ್ತರಕ್ಕೆ ದಿನಾಂಕ ಹಾಕಿ. ಇಲ್ಲಾಂದ್ರೆ ಮುಂದಿನ ಹಾಸನಾಂಬೆ ಬಾಗಿಲು ತೆಗೆದರೂ ಉತ್ತರ ಬರಲ್ಲ. ಸೋಮವಾರ ಬೆಳಿಗ್ಗೆ ಮೋಟಾರ್ ಹಾಕುವ ಹೊತ್ತಿಗೆ ನಾನೇ ಪಂಪ್ ಹೌಸ್ ಹತ್ತಿರ ಇರುತ್ತೇನೆ. ಲ್ಯಾಬಿಗೂ ನಾನೇ ಕೊಟ್ಟು ಬರುತ್ತೇನೆ. ಬೀಗದ ಕೈ ಯಾರ ಹತ್ತಿರ?

ಸಂಘದ ಕಾರ್ಯದರ್ಶಿ, ಮನೆ 12:
ವಾಟರ್‌ಮನ್ ಹತ್ತಿರ. ಹೇಳಿಟ್ಟಿದ್ದೇನೆ. ದಿನಾಂಕ ಹಾಕುತ್ತೇನೆ.

ಮನೆ 44:
ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿ ನಮ್ಮ ಅಂಗಡಿಯಲ್ಲಿದೆ, ಮೂರು ತಂದುಕೊಡುತ್ತೇನೆ. ನಮ್ಮದು ಯುವಿ ಫಿಲ್ಟರಂತೆ, ಈಗ ನೋಡಿದೆ. ನಾಲ್ಕು ತರುತ್ತೇನೆ.