ತವರಿಗೆ ಹೋಗೋ ಬಸುರಿ, ತಾಯಿ ಕಾರ್ಡ್, ಮನೆಗೆ ಬಂದ ಕೂಸು: ಸಿಸ್ಟರ್ ಹತ್ತಿರ ಕೇಳಿ

ಪ್ರಶ್ನೆ (ಮಾಲೂರಿನಿಂದ): ನಮಸ್ಕಾರ ಸಿಸ್ಟರ್. ನಾನು ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತೀನಿ, ಮಾಲೂರಲ್ಲಿ ಬಾಡಿಗೆ ಮನೆ. ಹೆಂಡತಿಗೆ ಈಗ ಆರು ತಿಂಗಳು, ಚೊಚ್ಚಲು. ತಾಯಿ ಕಾರ್ಡ್ ಇಲ್ಲೇ ಮಾಡಿಸಿದ್ದೀವಿ. ಏಳರಲ್ಲಿ ಸೀಮಂತ ಮಾಡಿ ತವರಿಗೆ ಕರ್ಕೊಂಡು ಹೋಗ್ತಾರೆ, ಪಾವಗಡದ ಹತ್ತಿರ ಹಳ್ಳಿ. ಅಲ್ಲಿ ಇನ್ನೊಂದು ಕಾರ್ಡ್ ಮಾಡಿಸಬೇಕಾ? 5,000 ರೂಪಾಯಿ ಬರುತ್ತೆ ಅಂತಾರಲ್ಲ, ಅದು ಎಲ್ಲಿ ಕೇಳಬೇಕು? ಕಾರ್ಡಲ್ಲಿ ರಕ್ತ 9 ಅಂತ ಬರೆದಿದ್ದಾರೆ, ಪರವಾಗಿಲ್ವಾ?

ಉತ್ತರ: ಇನ್ನೊಂದು ಕಾರ್ಡ್ ಬೇಡ. ಅದೇ ಕಾರ್ಡ್ ಎಲ್ಲ ಕಡೆ ನಡೆಯುತ್ತೆ. ಅದರಲ್ಲಿ ಆರ್‌ಸಿಎಚ್ ನಂಬರ್ (ತಾಯಿ ಮಗುವಿನ ಸರ್ಕಾರಿ ನೋಂದಣಿ ನಂಬರ್) ಇರುತ್ತಲ್ಲ, ಅದನ್ನ ನಿಮ್ಮ ಫೋನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ ಎಲ್ಲ ಕಾರ್ಡಿನ ಜೊತೆ ಒಂದೇ ಕವರಲ್ಲಿರಲಿ. ಸೀಮಂತದ ಗಡಿಬಿಡಿಯಲ್ಲಿ ಸೀರೆ, ಬಳೆ, ತಿಂಡಿ ಎಲ್ಲ ನೆನಪಿರುತ್ತೆ, ಕಾರ್ಡ್ ಮಾತ್ರ ಬೀರುವಿನಲ್ಲೇ ಉಳಿಯುತ್ತೆ.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಹೊರಡೋ ಮುಂಚೆ ಮಾಲೂರಿನ ಆಶಾಗೆ ಹೇಳಿ, ತವರು ತಲುಪಿದ ವಾರದಲ್ಲೇ ಆ ಊರಿನ ಆಶಾಗೂ ಅಂಗನವಾಡಿ ಟೀಚರ್‌ಗೂ ಹೇಳಿ. ನಮ್ಮ ಕಡೆ ಚೊಚ್ಚಲು ಹೆರಿಗೆ ತವರಲ್ಲೇ ಅಲ್ವಾ, ಆದರೆ ಆಶಾ ಹತ್ತಿರ ಇರೋ ಪಟ್ಟಿ ಅವರ ಊರಿನದ್ದು. ಇಲ್ಲಿಯವರು "ಊರಿಗೆ ಹೋದಳು" ಅಂತ ಬರೆದುಕೊಳ್ತಾರೆ, ಅಲ್ಲಿಯವರಿಗೆ ಬಂದದ್ದೇ ಗೊತ್ತಿರಲ್ಲ. ಬಸುರಿಗೂ ಬಾಣಂತಿಗೂ ಯಾರಾದರೂ ಬಂದು ನೋಡಲೇಬೇಕಾದ ತಿಂಗಳುಗಳು ಹೀಗೇ ಖಾಲಿ ಹೋಗುತ್ತವೆ. ನನಗೆ ತುಂಬ ಸಂಕಟ ಕೊಡೋದು ಇದೇ, ಒಂದು ಫೋನಿನಲ್ಲಿ ತಪ್ಪಿಸಬಹುದಾದದ್ದು.

ರಕ್ತದ ವಿಷಯ, ಅಂದರೆ ಹಿಮೋಗ್ಲೋಬಿನ್. ಬಸುರಿಗೆ 11 ಇರಬೇಕು. 9 ಅಂದರೆ ಕಡಿಮೆ, ಸುಮ್ನೆ ಬಿಡೋ ಹಾಗಿಲ್ಲ. ರಕ್ತದ ಮಾತ್ರೆ ಎಲ್ಲ ಬಸುರಿಯರಿಗೂ ದಿನಕ್ಕೊಂದು, 180 ದಿನ. ರಕ್ತ ಕಡಿಮೆ ಇದ್ದವರಿಗೆ ಎರಡು ಬರೆಯುತ್ತಾರೆ, ಇನ್ನೂ ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಹಾಕ್ತಾರೆ. ಊರಿಗೆ ಹೋಗೋ ಮುಂಚೆ ಡಾಕ್ಟರಿಗೆ ತೋರಿಸಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಡಾಕ್ಟರ್ ತಪಾಸಣೆ ಪುಕ್ಕಟೆ ಇರುತ್ತೆ. ಮಾತ್ರೆ ನುಂಗಿದ ಕೂಡಲೇ ಕಾಫಿ ಟೀ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ, ಆ ಎರಡು ಮಾತ್ರೆಗಳ ಮಧ್ಯೆ ಎರಡು ಗಂಟೆಯಾದರೂ ಬಿಡಿ. ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಿ ಎಷ್ಟೋ ಜನ ಮಾತ್ರೆ ನಿಲ್ಲಿಸಿಬಿಡ್ತಾರೆ. ನಿಲ್ಲಿಸಬೇಡಿ, ಅದು ಮಾತ್ರೆಯ ಬಣ್ಣ ಅಷ್ಟೆ. ಮುದ್ದೆ ಬಸ್ಸಾರು ಚೆನ್ನಾಗಿ ತಿನ್ನಲಿ, ಆದರೆ ಊಟ ಒಂದರಿಂದಲೇ 9 ಇದ್ದದ್ದು 11 ಆಗುತ್ತೆ ಅಂತ ಕಾಯಬೇಡಿ. ಅಂಗನವಾಡಿಯ ಮಾತೃಪೂರ್ಣ ಊಟಕ್ಕೂ ತವರಲ್ಲಿ ಹೆಸರು ಬರೆಸಿ.

ನೀವು ಕೇಳಿದ 5,000 ದುಡ್ಡು ಅಂದರೆ ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆ. ಮೊದಲ ಮಗುವಿಗೆ 3,000 ಒಂದು ಸಲ, ಮಗು ಹುಟ್ಟಿ ಜನನ ನೋಂದಣಿ ಆಗಿ 14 ವಾರದ ಲಸಿಕೆ ಮುಗಿದ ಮೇಲೆ 2,000. ಖಾತೆ ಹೆಂಡತಿಯ ಹೆಸರಲ್ಲೇ ಇರಬೇಕು, ಆಧಾರ್ ಸೇರಿರಬೇಕು. ಬಿಪಿಎಲ್ ಕಾರ್ಡ್ ಇದ್ದರೆ ತೋರಿಸಿ. ಮಾಲೂರಿನ ಅಂಗನವಾಡಿಯಲ್ಲಿ ಈಗಲೇ ಅರ್ಜಿ ಹಾಕಿಸಿ.

ಇನ್ನೊಂದು ಮಾತು. ಪಾವಗಡದಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಸುಮಾರು 100 ಕಿಲೋಮೀಟರ್. ರಕ್ತ ಕಡಿಮೆ ಇರೋರಿಗೆ ಹೆರಿಗೆ ಎಲ್ಲಿ ಅಂತ ಅಲ್ಲಿನ ಡಾಕ್ಟರ್ ಹತ್ತಿರ ಎಂಟನೇ ತಿಂಗಳಲ್ಲೇ ಮಾತಾಡಿ. ನೋವು ಬಂದ ಮೇಲೆ ಯೋಚನೆ ಮಾಡೋ ದೂರ ಅಲ್ಲ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ರಕ್ತ ಎಲ್ಲ ಉಚಿತ, ಕರೆದೊಯ್ಯೋಕೆ 108, ಬಾಣಂತಿ ಮಗುವನ್ನ ಮನೆಗೆ ಬಿಡೋಕೆ ನಗು-ಮಗು ಗಾಡಿ.

ಪ್ರಶ್ನೆ (ಅವರೇ): ಆಶಾ ಮನೆಗೆ ಬಂದು ಏನು ಮಾಡ್ತಾರೆ? ಅತ್ತೆ ಬಾಣಂತನ ಮಾಡೋಕೆ ಇದ್ದಾರಲ್ಲ.

ಉತ್ತರ: ಅತ್ತೆ ಇರೋದು ದೊಡ್ಡ ಪುಣ್ಯ. ಆದರೆ ಆಶಾ ತಕ್ಕಡಿ, ಥರ್ಮಾಮೀಟರ್ ಹಿಡಿದು ಬರ್ತಾರೆ. ಆಸ್ಪತ್ರೆ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ. ಮಗು ತೂಕ ಏರ್ತಿದೆಯಾ, ಮೈ ತಣ್ಣಗಿದೆಯಾ, ಹೊಕ್ಕುಳು ಒಣಗಿದೆಯಾ ಅಂತ ನೋಡ್ತಾರೆ, ಬಾಣಂತಿಗೆ ಜ್ವರ, ಜಾಸ್ತಿ ರಕ್ತಸ್ರಾವ ಇದೆಯಾ ಅಂತ ಕೇಳ್ತಾರೆ. ಅತ್ತೆಗೆ ಪ್ರೀತಿಯಿಂದಲೇ ಹೇಳಿ: ಹೊಕ್ಕುಳಿಗೆ ಎಣ್ಣೆ, ಬೂದಿ ಏನೂ ಬೇಡ. ಮೂಗು ಕಿವಿಗೆ ಎಣ್ಣೆ ಬಿಡೋದು ಬೇಡ. ಆರು ತಿಂಗಳು ಎದೆಹಾಲು ಮಾತ್ರ, ಜೇನುತುಪ್ಪ, ಬಜೆ, ನೀರು ಬೇಡ. ಬಾಣಂತಿಗೆ ಮಾತ್ರ ನೀರು ಕಟ್ಟಬೇಡಿ, ಕೇಳಿದಷ್ಟು ಕೊಡಿ. ಅವಳು ಸುಮ್ಮನೆ ಅಳ್ತಾ ಕೂತಿದ್ದರೆ, ಮಗು ಕಡೆ ನೋಡದಿದ್ದರೆ ಬೈಯಬೇಡಿ. ಅದಕ್ಕೂ ಚಿಕಿತ್ಸೆ ಇದೆ, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ (ಮುಳಬಾಗಿಲು ಕಡೆಯಿಂದ): ಅಕ್ಕ, ನನ್ನ ಮಗುವಿಗೆ ಇವತ್ತು ಐದನೇ ದಿನ. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ, ಈಗ ಅಮ್ಮನ ಮನೆಯಲ್ಲಿದ್ದೀನಿ. ಆಶಾ ಬಂದಿಲ್ಲ. ಮುಖ ಅರಿಶಿನ ಆಗಿದೆ. ಅಜ್ಜಿ ಬೆಳಗಿನ ಬಿಸಿಲಿಗೆ ಹಿಡಿ, ಸಕ್ಕರೆ ನೀರು ಕೊಡು ಅಂತಿದ್ದಾರೆ.

ಉತ್ತರ: ತಂಗಿ, ಸಕ್ಕರೆ ನೀರು ಬೇಡ. ಬಟ್ಟೆ ಬಿಚ್ಚಿ ಬಿಸಿಲಿಗೆ ಹಿಡಿದರೆ ಕಾಮಾಲೆ (ಈ ಹಳದಿ) ವಾಸಿ ಆಗಲ್ಲ, ಮಗು ತಣ್ಣಗಾಗುತ್ತೆ ಅಷ್ಟೆ. ಮುಖ ಮಾತ್ರ ಸ್ವಲ್ಪ ಹಳದಿ, ಚೆನ್ನಾಗಿ ಹಾಲು ಕುಡೀತಿದೆ, ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೊಯ್ತಿದೆ ಅಂದರೆ ಸಾಮಾನ್ಯವಾಗಿ ಇಳಿದು ಹೋಗುತ್ತೆ, ಆದರೂ ಒಮ್ಮೆ ತೋರಿಸಬೇಕು. ಈಗ ಬಾಗಿಲ ಹತ್ತಿರ ಬೆಳಕಿಗೆ ಬನ್ನಿ. ಮಗುವಿನ ಅಂಗಾಲನ್ನ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಬಿಟ್ಟ ಜಾಗ ಬಿಳಿಯಾಗಿದೆಯಾ, ಹಳದಿಯಾಗಿದೆಯಾ? ಅಂಗೈಯನ್ನೂ ಹಾಗೇ ನೋಡಿ ಹೇಳಿ.

ಪ್ರಶ್ನೆ (ಅವರೇ): ಅಂಗಾಲೂ ಹಳದಿ ಕಾಣ್ತಿದೆ ಅಕ್ಕ. ಬೆಳಗಿನಿಂದ ಹಾಲಿಗೂ ಏಳ್ತಿಲ್ಲ, ನಿದ್ದೆನೇ.

ಉತ್ತರ: ನಾಳೆಗೆ ಬೇಡ, ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯ ನವಜಾತ ಶಿಶು ವಿಭಾಗಕ್ಕೆ ಅಂತ ಹೇಳಿ. ಖಾಸಗಿಯಲ್ಲಿ ಹುಟ್ಟಿದ ಮಗು ಅಂತ ಹಿಂಜರಿಯಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಹುಷಾರಿಲ್ಲ ಅಂದರೆ ಅಲ್ಲಿ ಚಿಕಿತ್ಸೆ ಉಚಿತ. ಮಗುವಿಗೆ ಟೋಪಿ ಹಾಕಿ, ನಿಮ್ಮ ಎದೆಗೆ ಮೈ ತಾಗೋ ಹಾಗೆ ಅವಚಿಕೊಂಡು ಮೇಲೆ ಹೊದಿಸಿ. ದಾರಿಯಲ್ಲೂ ಎಬ್ಬಿಸಿ ಹಾಲು ಕೊಡೋಕೆ ನೋಡಿ, ಕುಡಿಯದಿದ್ದರೆ ಬಲವಂತ ಬೇಡ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ತಗೊಳ್ಳಿ. ನಿಮ್ಮ ಜೊತೆ ಅಮ್ಮ ಬರಲಿ. ಊರಿನ ಹೆಸರು ನನಗೆ ಪ್ರತ್ಯೇಕ ಮೆಸೇಜ್ ಮಾಡಿ, ಅಲ್ಲಿನ ಆಶಾಗೆ ನಾನು ಹೇಳ್ತೀನಿ.