ಹಾಸನ, ಬೇಲೂರು, ಹಳೇಬೀಡು ಸುತ್ತುವಾಗ ಮಧ್ಯಾಹ್ನದ ಊಟ ಎಲ್ಲಿ, ಎಷ್ಟು ಹೊತ್ತಿಗೆ?

ಕೇಳಿದವರು: ಹಾಸನದಲ್ಲಿ ಉಳಿದು ಮೂರು ದಿನ ಸುತ್ತುತ್ತೇವೆ. ಒಂದು ದಿನ ಹಳೇಬೀಡು-ಬೇಲೂರು, ಒಂದು ದಿನ ಶ್ರವಣಬೆಳಗೊಳ, ಇನ್ನೊಂದು ದಿನ ಚಿಕ್ಕಮಗಳೂರು. ಸ್ವಂತ ಕಾರು, ಐದು ಜನ. ಅಮ್ಮ ಈರುಳ್ಳಿ-ಬೆಳ್ಳುಳ್ಳಿ ತಿನ್ನಲ್ಲ, ಮಗುವಿಗೆ ಆರು ವರ್ಷ. ದೊಡ್ಡ ರೆಸ್ಟೋರೆಂಟ್ ಬೇಡ. ಊರಿನ ಊಟ ಸಿಗಬೇಕು, ಅರ್ಧ-ಮುಕ್ಕಾಲು ಗಂಟೆಯಲ್ಲಿ ಎದ್ದು ಹೊರಡಬೇಕು. ಗೊತ್ತಿದ್ದವರು ಹೇಳಿ.

ಹಾಸನದವರು: ಹೋಟೆಲ್ ಹೆಸರಿಗಿಂತ ಮೊದಲು ಗಂಟೆ ನೋಡಿಕೊಳ್ಳಿ ಸರ್. ನಮ್ಮ ಕಡೆ ಅನ್ನ-ಸಾರು ಬಿಸಿಯಾಗಿರೋದು 12:30ರಿಂದ 2ರವರೆಗೆ. 2:30 ದಾಟಿದರೆ ಪಲ್ಯ ಮುಗಿದಿರುತ್ತೆ, ಸಾಂಬಾರಿಗೆ ನೀರು ಬಿದ್ದಿರುತ್ತೆ. 3ಕ್ಕೆ ಅಡುಗೆಮನೆ ತೊಳೆಯೋಕೆ ಶುರು. ಊಟದ ಹೊತ್ತಲ್ಲಿ ಎಷ್ಟೋ ಕಡೆ ದೋಸೆ ಕಾವಲಿ ಆರಿಸಿಬಿಡ್ತಾರೆ, ಮತ್ತೆ ಟಿಫಿನ್ 4ರ ಮೇಲೇ. ಅಂದರೆ 3ರಿಂದ 4 ಪೂರ್ತಿ ಖಾಲಿ ಹೊತ್ತು. ಪ್ರವಾಸಿಗರು ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ಬೇಲೂರಿನವರು: ಹಳೇಬೀಡು ಮೊದಲು, ಬೇಲೂರು ಆಮೇಲೆ ಇಟ್ಟುಕೊಳ್ಳಿ. ಹಾಸನದಿಂದ ಹಳೇಬೀಡು ಸುಮಾರು 30 ಕಿ.ಮೀ., ಅಲ್ಲಿಂದ ಬೇಲೂರು 16. ಬೆಳಿಗ್ಗೆ 8:30ಕ್ಕೆ ಹೊಯ್ಸಳೇಶ್ವರ, ಹಾಗೇ ಹತ್ತಿರದ ಬಸದಿಗಳು, ಕೇದಾರೇಶ್ವರ ಮುಗಿಸಿದರೆ 11:30ಕ್ಕೆ ಬೇಲೂರಲ್ಲಿರುತ್ತೀರಿ. ಗರ್ಭಗುಡಿ ಬಾಗಿಲು 1 ಗಂಟೆ ಸುಮಾರಿಗೆ ಹಾಕ್ತಾರೆ, ಅದಕ್ಕೆ ಮೊದಲು ಚೆನ್ನಕೇಶವನ ದರ್ಶನ ಮಾಡಿಬಿಡಿ. ಹೊರಗಿನ ಶಿಲಾಬಾಲಿಕೆಯರನ್ನ ನೋಡೋದು ಊಟದ ಮೇಲೆ ಇರಲಿ. 1ರ ಬಿಸಿಲಿಗೆ ಅಂಗಳದ ಕಲ್ಲು ಬರಿಗಾಲಿಗೆ ಕಾದ ಕಾವಲಿ, ಮಗು ಒಂದು ನಿಮಿಷ ನಿಲ್ಲಲ್ಲ. 3:30ಕ್ಕೆ ವಾಪಸ್ ಬಂದರೆ ನೆರಳೂ ಇರುತ್ತೆ.

ಊಟಕ್ಕೆ: ದೇವಸ್ಥಾನದಲ್ಲೇ ಮಧ್ಯಾಹ್ನ ದಾಸೋಹ ಇದೆ, ಅಮ್ಮನಿಗೆ ಅದಕ್ಕಿಂತ ನೆಮ್ಮದಿಯ ಊಟ ಬೇರೆ ಇಲ್ಲ. ಜಾತ್ರೆ, ರಜಾ ದಿನ ಆದರೆ ಸಾಲು ಉದ್ದ. ಬಸ್ ನಿಲ್ದಾಣದಿಂದ ದೇವಸ್ಥಾನದ ರಸ್ತೆವರೆಗೂ ಸಣ್ಣ ಹೋಟೆಲುಗಳಿವೆ. ಕುಳಿತು ಆರಾಮಾಗಿ ತಿನ್ನಬೇಕು, ಶೌಚಾಲಯವೂ ಬೇಕು ಅಂದರೆ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲ್ ಮಯೂರ ವೇಲಾಪುರಿ.

ಹಳೇಬೀಡಿನ ಕಡೆಯವರು: ಮೇಲಿನವರ ಮಾತು ಸರಿ, ಆದರೆ ಬೇಲೂರಲ್ಲೇ ಉಣ್ಣಬೇಕು ಅಂತ ಹಸಿದ ಮಗೂನ ಎಳ್ಕೊಂಡು ಹೋಗಬೇಡಿ. ಹಳೇಬೀಡಲ್ಲಿ ದೇವಸ್ಥಾನದ ಹತ್ತಿರವೇ ಮಯೂರ ಶಾಂತಲಾ ಇದೆ. ಅದು ಬಿಟ್ಟರೆ ಆಯ್ಕೆ ಕಡಿಮೆ, ನಿಜ. ಇನ್ನೊಂದು ವಿಷಯ, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆವತ್ತು ಹೋದರೆ ಅರ್ಧ ಗಂಟೆ ಉಳಿಯುತ್ತೆ, ಊಟ ಬೇಲೂರಲ್ಲೇ ಸಾಕು.

ಮೆಸ್ ಅಡುಗೆಯವರು: ಊರಿನ ಊಟ ಅಂದಿದ್ದಕ್ಕೆ ಹೇಳ್ತಿದೀನಿ. ಮುದ್ದೆ ತಿನ್ನೋರು 1ರ ಒಳಗೆ ಕೂತುಬಿಡಿ. ಕೋಲಲ್ಲಿ ತೊಳಸಿ ಕಟ್ಟಿದ ಮುದ್ದೆ ಮೊದಲ ಅರ್ಧ ಗಂಟೆ ಮೆತ್ತಗೆ, ಹೊಳಪಾಗಿರುತ್ತೆ. ಆಮೇಲೆ ಹಾಟ್‌ಬಾಕ್ಸಲ್ಲಿದ್ದರೂ ಮೇಲೆ ತೊಗಟೆ ಕಟ್ಟುತ್ತೆ, ಮುರಿದರೆ ಹಿಟ್ಟು ಉದುರುತ್ತೆ. ತಟ್ಟೆಗೆ ಬಂದ ಮೇಲೆ ಬೆರಳು ಒದ್ದೆ ಮಾಡಿಕೊಂಡು ಒತ್ತಿ ನೋಡಿ, ಬೆರಳಿಗೆ ಅಂಟದೆ ಗುಳಿ ಬಿದ್ದರೆ ಹೊಸದು. ಸಾರು ಯಾವುದು ಅಂತ ಕೂರೋ ಮೊದಲೇ ಕೇಳಿ. ಬಸ್ಸಾರು ಇದ್ದರೆ ಬಿಡಬೇಡಿ, ಸೊಪ್ಪು-ಕಾಳು ಬೇಯಿಸಿ ಬಸಿದ ನೀರಿಗೇ ಖಾರ ಅರೆದು ಹಾಕಿರ್ತಾರೆ, ಬಸಿದ ಕಾಳು ಪಲ್ಯ ಆಗಿ ಪಕ್ಕಕ್ಕೆ ಬರುತ್ತೆ. ಆದರೆ ಅದರಲ್ಲಿ ಬೆಳ್ಳುಳ್ಳಿ ಗ್ಯಾರಂಟಿ, ಅಮ್ಮನಿಗೆ ಆಗಲ್ಲ. ತಿಳಿಸಾರೂ ನಂಬಬೇಡಿ, ಒಗ್ಗರಣೆಗೆ ಎರಡೆಸಳು ಜಜ್ಜಿ ಹಾಕಿರ್ತಾರೆ. "ಈರುಳ್ಳಿ ಇಲ್ಲದ್ದು ಏನಿದೆ" ಅಂದರೆ "ಎಲ್ಲಾ ಇದೆ" ಅಂತಾರೆ. "ಸಾರಿನ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದೀರಾ?" ಅಂತ ಬಿಡಿಸಿ ಕೇಳಿ.

ಅಕ್ಕಿರೊಟ್ಟಿ ಐದು ಒಟ್ಟಿಗೆ ಹೇಳಿದರೆ ಕೆಟ್ಟಿರಿ. ಕಾವಲಿ ಮೇಲೆ ಒಂದೊಂದಕ್ಕೂ ಐದಾರು ನಿಮಿಷ ಬೇಕು, ಎರಡು ಕಾವಲಿ ಇದ್ದರೂ ಕೊನೆಯವರಿಗೆ ಬರೋಕೆ ಕಾಲು ಗಂಟೆ ದಾಟುತ್ತೆ. ಎರಡು ರೊಟ್ಟಿ ಹೇಳಿ ಹಂಚಿಕೊಳ್ಳಿ, ಮಿಕ್ಕವರು ಪ್ಲೇಟ್ ಮೀಲ್ಸ್ ತಗೊಳ್ಳಲಿ. ಒಂದು ಫುಲ್ ಮೀಲ್ಸ್‌ನ ಇಬ್ಬರು ಹಂಚಿಕೊಂಡರೆ ಮಾತು ಬರುತ್ತೆ, ಮಗುವಿಗೆ ಬೇರೆ ಒಂದು ಅನ್ನ-ಮೊಸರು ಹೇಳಿಬಿಡಿ.

ಶ್ರವಣಬೆಳಗೊಳ ಗೊತ್ತಿರೋರು: ಇಲ್ಲಿ ಲೆಕ್ಕ ಉಲ್ಟಾ. ಹಾಸನದಿಂದ 50 ಕಿ.ಮೀ. ಬೆಳಿಗ್ಗೆ ಬೇಗ ಹೊರಟು 7:30ಕ್ಕೆ ವಿಂಧ್ಯಗಿರಿ ಹತ್ತೋಕೆ ಶುರು ಮಾಡಿ, 600ಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಹೊಟ್ಟೆ ತುಂಬಾ ತಿಂದು ಹತ್ತಬೇಡಿ, ಎರಡು ಇಡ್ಲಿ ಸಾಕು. ಕೆಳಗಿಳಿದು ಎಳನೀರು ಕುಡಿದು ಕೂತು, 12ಕ್ಕೆ ಊಟ. ಊರೊಳಗಿನ ಜೈನ ಭೋಜನಾಲಯದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದೂ ಇರಲ್ಲ. ಅಮ್ಮ ಏನೂ ಕೇಳದೆ ಉಣ್ಣಬಹುದು.

ಚಿಕ್ಕಮಗಳೂರಿನವರು: ಮುಳ್ಳಯ್ಯನಗಿರಿ (1,930 ಮೀ.) ಮೇಲೆ ಊಟ ಅಂತ ಏನೂ ಇಲ್ಲ. ಮ್ಯಾಗಿ, ಚುರುಮುರಿ, ಟೀ ಅಷ್ಟೆ. ವಾರಾಂತ್ಯ ಬೆಟ್ಟದ ದಾರಿಯ ಕೈಮರ ಚೆಕ್‌ಪೋಸ್ಟಲ್ಲಿ ಗಾಡಿ ಸಾಲು ನಿಂತರೆ 1ಕ್ಕೆ ಕೆಳಗೆ ಇಳಿತೀವಿ ಅನ್ನೋ ಲೆಕ್ಕ ಮಣ್ಣುಪಾಲು. ಬುತ್ತಿ ಕಟ್ಟಿಕೊಂಡೇ ಹತ್ತಿ. ಪುಳಿಯೋಗರೆ ಬಾಳೆಲೆಯಲ್ಲಿ ಆರಿದ ಮೇಲೆ ಕಟ್ಟಿದರೆ ಸಂಜೆವರೆಗೂ ಕೆಡಲ್ಲ, ಬಿಸಿ ಬಿಸಿ ಕಟ್ಟಿದರೆ ಬೆವತು ಹಳಸುತ್ತೆ. ಮೊಸರನ್ನಕ್ಕೆ ಒಂದು ಲೋಟ ಅಕ್ಕಿಯ ಅನ್ನವನ್ನ ಮೆತ್ತಗೆ ಮಾಡಿ, ಕಾಯಿಸಿ ಆರಿಸಿದ ಹಾಲು ಎರಡು ಲೋಟ, ಮೊಸರು ಎರಡೇ ಚಮಚ. ಮಧ್ಯಾಹ್ನಕ್ಕೆ ತಾನೇ ಹೆಪ್ಪಾಗುತ್ತೆ, ಹುಳಿ ಬರಲ್ಲ. ಬೆಳಿಗ್ಗೆಯೇ ಮೊಸರು ಸುರಿದರೆ ಮಗು ಮುಟ್ಟಲ್ಲ. ಎಲೆ, ಕವರ್ ಅಲ್ಲೇ ಎಸೀಬೇಡಿ ದಯವಿಟ್ಟು.

ಕಡುಬು ತಿನ್ನೋ ಆಸೆ ಇದ್ದರೆ ಅದು ಬೆಳಗಿನ ತಿಂಡಿ, ಮಧ್ಯಾಹ್ನ ಹುಡುಕಬೇಡಿ. ಟೌನ್ ಕ್ಯಾಂಟೀನಿನ ಮಸಾಲೆ ದೋಸೆಯನ್ನೂ ಊಟದ ಬದಲು ಅಂದುಕೊಳ್ಳಬೇಡಿ, ಅದು ಟಿಫಿನ್ ಹೊತ್ತಿಗೆ.

ಕೇಳಿದವರು: ಉಪಕಾರ ಆಯ್ತು. ಊಟದ ಹಿಂದೆಯೇ ಅಲ್ಲೇ ಕಾಫಿ ಕುಡಿಬಹುದಾ?

ಚಿಕ್ಕಮಗಳೂರಿನವರು: 2 ಗಂಟೆಗೆ ಸಿಗೋದು ಹೆಚ್ಚಾಗಿ ಬೆಳಗ್ಗೆ ಇಳಿಸಿದ ಡಿಕಾಕ್ಷನ್, ಮತ್ತೆ ಮತ್ತೆ ಬಿಸಿ ಮಾಡಿ ಕಹಿ ಹೊಡೆಯುತ್ತೆ. ಸಂಜೆ ಟಿಫಿನ್ ಶುರುವಾಗೋ 4ಕ್ಕೆ ಹೊಸದು ಇಳಿಸ್ತಾರೆ. ಆಗ ಎಂ.ಜಿ. ರಸ್ತೆ ಕಡೆ ನಿಲ್ಲಿಸಿ. ಮನೆಗೆ ಪುಡಿ ಕೊಳ್ಳೋದಾದರೆ ಚಿಕೋರಿ ಎಷ್ಟು ಅಂತ ನೀವೇ ಹೇಳಿ, ಕಣ್ಣೆದುರೇ ಬೀಸಿಸಿಕೊಳ್ಳಿ.