ಮೆದು ಕ್ಯಾಂಟಿಲಿವರ್ ಹಾಕಿದರೂ ಬೇಸ್‌ಲೈನ್ ಜಾರುತ್ತಲೇ ಇದೆ

ಸುಮಾ:
ಎಎಫ್‌ಎಂನಲ್ಲಿ (ಪರಮಾಣು ಬಲ ಸೂಕ್ಷ್ಮದರ್ಶಕ) ಪ್ರೊಟೀನ್ ಅಣುಗಳನ್ನು ಒಂದೊಂದಾಗಿ ಎಳೆದು ಬಿಚ್ಚುತ್ತಿದ್ದೇನೆ. ಸೂಕ್ಷ್ಮತೆ ಹೆಚ್ಚಲಿ ಅಂತ ಮೀಟರಿಗೆ 0.06 ನ್ಯೂಟನ್ನಿನ ಕ್ಯಾಂಟಿಲಿವರ್ (ಬಲ ಬಿದ್ದಾಗ ಬಾಗುವ ಪುಟ್ಟ ಪಟ್ಟಿ) ಬಿಟ್ಟು, 100 ಮೈಕ್ರಾನ್ ಉದ್ದದ, 0.006ರದ್ದು ಹಾಕಿದೆ. ಹತ್ತು ಪಟ್ಟು ಮೆದು. ಆದರೂ ಮಿಲಿಸೆಕೆಂಡಿನ ಮಟ್ಟದಲ್ಲಿ ನಾಯ್ಸ್ (ಅಳತೆಯ ಬೇಡದ ಏರಿಳಿತ) ಇಳಿದಿಲ್ಲ. ಬಫರ್‌ಗೆ ಇಳಿಸಿ ಎರಡು ಗಂಟೆ ಕಾದರೂ ಬೇಸ್‌ಲೈನ್, ಅಂದರೆ ಬಲವಿಲ್ಲದಾಗಿನ ಶೂನ್ಯ ಮಟ್ಟ, ಒಂದೇ ಕಡೆಗೆ ಜಾರುತ್ತದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಹಾಗೇ ಬಿಟ್ಟು ಬಂದೆ. ಎಲ್ಲಿ ತಪ್ಪುತ್ತಿದ್ದೇನೆ?

ಹಳೇ ಪೋಸ್ಟ್‌ಡಾಕ್:
ಸುಮಾ, ನಿಮಗಿರುವುದು ಎರಡು ತೊಂದರೆ, ನಾಯ್ಸ್ ಮತ್ತು ಜಾರುವಿಕೆ; ಎರಡಕ್ಕೂ ಮದ್ದು ಬೇರೆ.

ನೀರಿನಲ್ಲಿ, ಅನುರಣನಕ್ಕಿಂತ (ಪಟ್ಟಿ ಸಹಜವಾಗಿ ಕಂಪಿಸುವ ಆವೃತ್ತಿ) ಕೆಳಗೆ, ಉಷ್ಣದಿಂದ ಬರುವ ಬಲದ ನಾಯ್ಸ್ ಅನ್ನು ತೀರ್ಮಾನಿಸುವುದು ತಾಪಮಾನ ಮತ್ತು ಕ್ಯಾಂಟಿಲಿವರಿಗೆ ನೀರು ಒಡ್ಡುವ ತಡೆ. ಸ್ಪ್ರಿಂಗ್ ಸ್ಥಿರಾಂಕ, ಅಂದರೆ ನೀವು ಹೇಳಿದ ಆ 0.06, 0.006, ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನಿಮ್ಮ ಪಟ್ಟಿ ಮೆದು, ಆದರೆ ದೊಡ್ಡದು. ಅದಕ್ಕೇ ಚಿಕ್ಕದು ಬೇಕು: ಉದ್ದವನ್ನೂ ದಪ್ಪವನ್ನೂ ಅರ್ಧಕ್ಕಿಳಿಸಿದರೆ ಮೆದುತನ ಅಷ್ಟೇ ಉಳಿದು ಅನುರಣನ ಆವೃತ್ತಿ ದುಪ್ಪಟ್ಟಾಗುತ್ತದೆ, ನೀರಿನ ತಡೆಯೂ ಇಳಿಯುತ್ತದೆ. ಜಪಾನಿನ ಕನಜಾವಾದ ತೋಶಿಯೊ ಆಂಡೊ ತಂಡ 6–7 ಮೈಕ್ರಾನ್ ಉದ್ದಕ್ಕೆ ಇಳಿದದ್ದು ಈ ದಾರಿಯಲ್ಲೇ.

ಜಾರುವಿಕೆಗೆ ನನ್ನ ಅನುಮಾನ ಬೆನ್ನ ಮೇಲಿನ ಚಿನ್ನದ ಲೇಪದ ಮೇಲೆ. ಚಿನ್ನ ಹಿಗ್ಗುವಷ್ಟು ಸಿಲಿಕಾನ್ ನೈಟ್ರೈಡ್ ಹಿಗ್ಗುವುದಿಲ್ಲ, ಬಾಗುವಿಕೆ ಅಳೆಯಲು ಬಿಡುವ ಲೇಸರ್‌ನ ಬಿಸಿಗೇ ಪಟ್ಟಿ ಬಾಗುತ್ತದೆ. ಅಮೆರಿಕದ ಬೋಲ್ಡರ್‌ನ ಥಾಮಸ್ ಪರ್ಕಿನ್ಸ್ ತಂಡ 2012ರಲ್ಲಿ ಚಿನ್ನ ತೆಗೆದೇ ಈ ಜಾರುವಿಕೆಯನ್ನು ಬಹಳ ತಗ್ಗಿಸಿ ತೋರಿಸಿತು. ನಾನೂ ಮಾಡಿದ್ದೇನೆ. ಅಯೋಡಿನ್–ಪೊಟ್ಯಾಸಿಯಂ ಅಯೋಡೈಡ್‌ನ ಕಂದು ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿ, ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ತೆಗೆಯುತ್ತಿದ್ದೆ. ಸೂಕ್ಷ್ಮದರ್ಶಕದಡಿ ಹಳದಿ ಪಟ್ಟಿ ಗಾಜಿನ ಚೂರಿನಂತೆ ಕಾಣುತ್ತದೆ. ಇಕ್ಕುಳವನ್ನು ಮಾತ್ರ ನಿಧಾನ ಎತ್ತಬೇಕು; ನೀರಿನ ಮೇಲ್ಮೈಯ ಎಳೆತಕ್ಕೇ ನನ್ನ ಎರಡು ಪಟ್ಟಿ ಮುರಿದಿದ್ದವು. ಚಿನ್ನದ ಕೆಳಗೆ ಕ್ರೋಮಿಯಂ ಪದರ ಇದ್ದರೆ ಅದಕ್ಕೆ ಬೇರೆ ದ್ರಾವಣ ಬೇಕು.

ಕ್ರಯೊ ಕೆಲಸದವನು:
ಮೇಲಿನದು ನೀರಿಗೆ ಸರಿ. ನಿರ್ವಾತದಲ್ಲಿ ಮೆದುತನಕ್ಕೆ ನಿಜವಾದ ಬೆಲೆ ಇದೆ. 2004ರಲ್ಲಿ ಐಬಿಎಂನ ಡೇನಿಯಲ್ ರೂಗರ್ ತಂಡ ಒಂದೇ ಎಲೆಕ್ಟ್ರಾನಿನ ಸ್ಪಿನ್ (ಅದರ ಪುಟ್ಟ ಕಾಂತಗುಣ) ಹಿಡಿದದ್ದು 100 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪಟ್ಟಿಯಿಂದ, 1.6 ಕೆಲ್ವಿನ್ ಚಳಿಯಲ್ಲಿ.

ಸುಮಾ:
ಚಿನ್ನ ತೆಗೆದರೆ ಲೇಸರ್ ಪ್ರತಿಫಲನ ಸಾಕಾಗುತ್ತದಾ? ನಮ್ಮ ಡಿಟೆಕ್ಟರ್ ಹಳೆಯದು.

ಹಳೇ ಪೋಸ್ಟ್‌ಡಾಕ್:
ಬೆಳಕು ತುಂಬಾ ಇಳಿಯುತ್ತದೆ. ಮೊದಲು ಒಂದು ಹಳೇ ಪಟ್ಟಿಯಲ್ಲಿ ನೋಡಿ. ಸಾಲದಿದ್ದರೆ ತುದಿಯಲ್ಲಿ, ಲೇಸರ್ ಬೀಳುವಷ್ಟು ಜಾಗದಲ್ಲಿ ಮಾತ್ರ ಚಿನ್ನ ಉಳಿಸಬಹುದು. ಅದಕ್ಕೆ ಅಯಾನ್ ಬೀಮ್ (ಅಯಾನ್ ಕಿರಣದಿಂದ ಸೂಕ್ಷ್ಮವಾಗಿ ಕೆತ್ತುವ) ಸೌಲಭ್ಯ ಬೇಕು.